ಸೋತವನ ಕೈಗೆ ಬಂದ ಕತ್ತಿ

ಒಬ್ಬ ಕವಿಯ ಕಾವ್ಯದಲ್ಲಿ ಇನ್ನೊಬ್ಬ ಕವಿಯ ದನಿ ಕೇಳಿಸಿದರೆ ನಮ್ಮ ಸಾಹಿತ್ಯ ವಲಯದಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಹುಟ್ಟಿಕೊಳ್ಳುತ್ತವೆ. ‘ಇದು ಅಲ್ಲಿಂದ ಕದ್ದದ್ದು’ ಎಂಬುದು ಒಂದು. ‘ಇಲ್ಲ, ಇದು ಪ್ರಭಾವ ಮಾತ್ರ’ ಎಂಬುದು ಇನ್ನೊಂದು. ಮೊದಲನೆಯದು ಆರೋಪ, ಎರಡನೆಯದು ವಕಾಲತ್ತು. ಆರೋಪ ಹೊರಿಸಿದವರೂ ವಕಾಲತ್ತು ವಹಿಸಿದವರೂ ಅಷ್ಟಕ್ಕೇ ಪುಸ್ತಕ ಮುಚ್ಚಿಬಿಡುತ್ತಾರೆ. ತಂದದ್ದನ್ನು ತಂದವನು ಏನು ಮಾಡಿದ? ಹಳೆಯ ಮಾತು ಹೊಸ ಜಾಗದಲ್ಲಿ ನಿಂತು ಏನು ಹೇಳುತ್ತಿದೆ? ವಿಮರ್ಶೆ ಶುರುವಾಗಬೇಕಾದದ್ದು ಈ ಪ್ರಶ್ನೆಗಳಿಂದ. ಆದರೆ ನಾವು ಅಲ್ಲಿಯವರೆಗೆ ಹೋಗುವುದೇ ಅಪರೂಪ.

ಈ ಜಗಳ ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್ ನಗರದಲ್ಲಿ ಜೋರಾಗಿ ನಡೆದಿತ್ತು. ಲ್ಯಾಟಿನ್ ಭಾಷೆಯ ಮಹಾಕವಿ ವರ್ಜಿಲ್ (ಕ್ರಿ.ಪೂ. 70-19) ಗ್ರೀಕ್ ಕವಿ ಹೋಮರನಿಂದ ಎತ್ತಿಕೊಂಡದ್ದನ್ನೆಲ್ಲ ಪಟ್ಟಿ ಮಾಡುವುದೇ ಕೆಲವರಿಗೆ ಕಸುಬಾಗಿತ್ತು. ಒಬ್ಬ ಅವನ ‘ಕಳ್ಳತನ’ಗಳನ್ನು ಸಂಗ್ರಹಿಸಿದ. ಇನ್ನೊಬ್ಬ ಅವನ ಸಾಲುಗಳಿಗೆ ಹೋಲಿಕೆಗಳನ್ನು ಹುಡುಕಿ ಎಂಟು ಸಂಪುಟ ತುಂಬಿಸಿದ. ವರ್ಜಿಲ್‌ನ ಪ್ರಾಚೀನ ಜೀವನಚರಿತ್ರೆಯೊಂದು ಇದನ್ನು ದಾಖಲಿಸಿದೆ. ಕವಿ ಕೊಟ್ಟ ಉತ್ತರವೂ ಅದರಲ್ಲಿದೆ. ದೂರುವವರು ತಾವೂ ಒಮ್ಮೆ ಆ ಕಳ್ಳತನಕ್ಕೆ ಕೈಹಾಕಿ ನೋಡಲಿ, ಹೋಮರನ ಒಂದು ಸಾಲು ಕಸಿಯುವುದಕ್ಕಿಂತ ಹರ್ಕ್ಯುಲಸ್‌ನ ಗದೆ ಕಸಿಯುವುದೇ ಸುಲಭ ಎಂದು ಅವರಿಗೆ ತಿಳಿಯುತ್ತದೆ ಎಂದನಂತೆ. ಉತ್ತರ ಸೊಗಸಾಗಿದೆ. ಆದರೆ ಅದು ತಂದ ಕಷ್ಟವನ್ನು ಮಾತ್ರ ಹೇಳುತ್ತದೆ, ತಂದ ಕಾರಣವನ್ನು ಹೇಳುವುದಿಲ್ಲ. ಕಾರಣವನ್ನು ನಾವು ಕಾವ್ಯದೊಳಗೇ ಹುಡುಕಬೇಕು.

ಅದಕ್ಕೂ ಮುಂಚೆ ಲ್ಯಾಟಿನ್ ಸಾಹಿತ್ಯ ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ದಕ್ಷಿಣ ಇಟಲಿಯ ಟಾರೆಂಟಮ್ ಗ್ರೀಕರ ನಗರವಾಗಿತ್ತು. ಕ್ರಿ.ಪೂ. 272ರಲ್ಲಿ ಅದು ರೋಮನ್ನರ ವಶವಾಯಿತು. ಅಲ್ಲಿಂದ ಸೆರೆಯಾಳಾಗಿ ರೋಮ್‌ಗೆ ಬಂದು, ಯಜಮಾನನ ಮಕ್ಕಳಿಗೆ ಪಾಠ ಹೇಳಿ, ಬಿಡುಗಡೆ ಪಡೆದವನು ಲಿವಿಯಸ್ ಆಂಡ್ರೊನಿಕಸ್ ಎಂಬುದು ಪರಂಪರೆಯಿಂದ ಬಂದ ಕಥೆ. ಕ್ರಿ.ಪೂ. 240ರಲ್ಲಿ ಅವನು ಗ್ರೀಕ್ ಮಾದರಿಯ ನಾಟಕವನ್ನು ಲ್ಯಾಟಿನ್‌ನಲ್ಲಿ ಆಡಿಸಿದ. ಹೋಮರನ ‘ಒಡಿಸ್ಸಿ’ಯನ್ನು ರೋಮನ್ನರ ಹಳೆಯ ಛಂದಸ್ಸಿಗೆ ತಂದ. ಮೊದಲ ಸಾಲಿನಲ್ಲೇ ಒಂದು ಗಟ್ಟಿ ನಿರ್ಧಾರ ಮಾಡಿದ. ಹೋಮರ್ ಕರೆಯುವ ಗ್ರೀಕ್ ಕಾವ್ಯದೇವತೆಯ ಹೆಸರನ್ನು ಬಿಟ್ಟು, ರೋಮನ್ನರಿಗೆ ಗೊತ್ತಿದ್ದ ಬುಗ್ಗೆಯ ದೇವತೆ ಕಮೀನಾಳನ್ನು ಕರೆದ. ಪದ ಬದಲಾಯಿತು, ಅದರ ಜೊತೆಗೆ ಊರೂ ಬದಲಾಯಿತು. ಇನ್ನೂರು ವರ್ಷಗಳ ನಂತರವೂ ರೋಮ್‌ನ ಮಕ್ಕಳು ಇದನ್ನು ಪೆಟ್ಟು ತಿಂದು ಬಾಯಿಪಾಠ ಮಾಡುತ್ತಿದ್ದರು. ತನ್ನ ಬಾಲ್ಯದ ಹೊಡೆಯುವ ಮೇಷ್ಟರನ್ನು ಕವಿ ಹೊರೇಸ್ ಹೆಸರಿಟ್ಟೇ ನೆನೆದಿದ್ದಾನೆ.

ಯುದ್ಧದಲ್ಲಿ ಗೆದ್ದ ಜನ ಸಾಹಿತ್ಯದಲ್ಲಿ ಸೋತವರ ಶಿಷ್ಯರಾದರು. ರೋಮನ್ ಕವಿಗಳು ಇದನ್ನು ಮುಚ್ಚಿಡಲಿಲ್ಲ. ಎನ್ನಿಯಸ್ (ಕ್ರಿ.ಪೂ. 239-169) ರೋಮ್‌ನ ಚರಿತ್ರೆಯನ್ನು ಮಹಾಕಾವ್ಯವಾಗಿ ಬರೆಯುವಾಗ ಹೋಮರನ ಛಂದಸ್ಸನ್ನೇ ಲ್ಯಾಟಿನ್‌ಗೆ ಒಗ್ಗಿಸಿದ. ಹೋಮರ್ ಕನಸಿನಲ್ಲಿ ಬಂದು ತನ್ನ ಆತ್ಮವೇ ನಿನ್ನೊಳಗೆ ಸೇರಿದೆಯೆಂದು ತಿಳಿಸಿದ ಎಂದು ಕಾವ್ಯದ ಆರಂಭದಲ್ಲೇ ಹೇಳಿಕೊಂಡ. ಸಾಲವನ್ನು ಇಷ್ಟು ದೊಡ್ಡ ದನಿಯಲ್ಲಿ ಒಪ್ಪಿಕೊಂಡವನನ್ನು ಕಳ್ಳ ಎನ್ನುವುದು ಹೇಗೆ? ಮುಂದೆ ಓವಿಡ್‌ನ ಬಗ್ಗೆ ಬರೆಯುತ್ತ ಹಿರಿಯ ಸೆನೆಕಾ ಇದೇ ಅಂಶವನ್ನು ಗುರುತಿಸಿದ. ಓವಿಡ್ ವರ್ಜಿಲ್‌ನ ಮಾತುಗಳನ್ನು ತೆಗೆದುಕೊಂಡದ್ದು ಬಚ್ಚಿಡಲಿಕ್ಕಲ್ಲ, ಓದುಗರು ಗುರುತು ಹಿಡಿಯಲಿ ಎಂದೇ ಎನ್ನುವುದು ಅವನ ತೀರ್ಪು. ನಮಗೆ ಇದು ಒಳ್ಳೆಯ ಅಳತೆಗೋಲು. ಕಳ್ಳನಿಗೆ ಮೂಲ ಮರೆಯಾಗಬೇಕು. ಪ್ರತಿಧ್ವನಿ ಎಬ್ಬಿಸುವ ಕವಿಗೆ ಮೂಲ ನೆನಪಾಗಬೇಕು, ಇಲ್ಲದಿದ್ದರೆ ಅವನ ಮಾತಿನ ಅರ್ಧ ವ್ಯರ್ಥ.

ಒಂದು ಸಣ್ಣ ಉದಾಹರಣೆ ನೋಡೋಣ. ಕ್ರಿ.ಪೂ. 600ರ ಸುಮಾರಿನಲ್ಲಿ ಲೆಸ್ಬಾಸ್ ದ್ವೀಪದಲ್ಲಿದ್ದ ಕವಯಿತ್ರಿ ಸ್ಯಾಫೊ ಒಂದು ಕವಿತೆ ಬರೆದಳು. ತಾನು ಪ್ರೀತಿಸುವವಳ ಎದುರು ಕುಳಿತು ಅವಳ ಮಾತು ಕೇಳುವ ಗಂಡಸೊಬ್ಬ ಅವಳಿಗೆ ದೇವರ ಸಮಾನನಂತೆ ಕಾಣುತ್ತಾನೆ. ನೋಡುತ್ತಿರುವವಳಿಗೆ ಮಾತು ನಿಲ್ಲುತ್ತದೆ, ಮೈ ಉರಿಯುತ್ತದೆ, ಕಿವಿ ಮೊರೆಯುತ್ತದೆ. ಐನೂರಕ್ಕೂ ಹೆಚ್ಚು ವರ್ಷಗಳ ನಂತರ ರೋಮ್‌ನ ಕ್ಯಾಟುಲಸ್ ಇದನ್ನು ಅದೇ ಛಂದಸ್ಸಿನಲ್ಲಿ ಲ್ಯಾಟಿನ್‌ಗೆ ತಂದ. ತನ್ನ ಪ್ರೇಯಸಿಯನ್ನು ‘ಲೆಸ್ಬಿಯಾ’ ಎಂದು ಕರೆದ, ಅಂದರೆ ಲೆಸ್ಬಾಸ್‌ನವಳು. ಆ ಹೆಸರೇ ಸ್ಯಾಫೊಗೆ ಸಲ್ಲಿಸಿದ ರಶೀದಿ. ಆದರೆ ಕೊನೆಯಲ್ಲಿ ಅವನು ಮೂಲವನ್ನು ಬಿಟ್ಟು ತನ್ನನ್ನೇ ಬೈದುಕೊಳ್ಳತೊಡಗುತ್ತಾನೆ. ಕೆಲಸವಿಲ್ಲದೆ ಕೂರುವ ಬಿಡುವೇ ನಿನ್ನನ್ನು ಕೆಡಿಸುತ್ತಿದೆ, ಇದೇ ಬಿಡುವು ರಾಜರನ್ನೂ ನಗರಗಳನ್ನೂ ಹಾಳು ಮಾಡಿದೆ ಎನ್ನುತ್ತಾನೆ. ದುಡಿಮೆ, ಅಧಿಕಾರ, ಕರ್ತವ್ಯ ಎಂಬ ಮಾತುಗಳ ನಡುವೆ ಬೆಳೆದ ರೋಮನ್ ಗಂಡಸಿನ ಅಪರಾಧ ಪ್ರಜ್ಞೆ ಅದು. ಸ್ಯಾಫೊಳ ಲೋಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಮೂಲ ಗೊತ್ತಿದ್ದವರಿಗೆ ಮಾತ್ರ ಈ ತಿರುವು ಕಾಣುತ್ತದೆ.

ವರ್ಜಿಲ್ ಈ ವಿದ್ಯೆಯನ್ನು ಬೇರೊಂದು ಎತ್ತರಕ್ಕೆ ಒಯ್ದವನು. ಅವನ ಮೊದಲ ಕೃತಿ ದನಗಾಹಿಗಳ ಹಾಡುಗಳು. ಮಾದರಿ, ಕ್ರಿ.ಪೂ. ಮೂರನೇ ಶತಮಾನದ ಗ್ರೀಕ್ ಕವಿ ಥಿಯೊಕ್ರಿಟಸ್. ಅವನ ಕಾವ್ಯದಲ್ಲಿ ಕುರುಬರು ಮರದ ನೆರಳಲ್ಲಿ ಕೊಳಲೂದುತ್ತಾರೆ, ಹಾಡಿನಲ್ಲಿ ಪೈಪೋಟಿ ಮಾಡುತ್ತಾರೆ, ಪ್ರೇಮಕ್ಕಾಗಿ ಅಳುತ್ತಾರೆ. ವರ್ಜಿಲ್‌ನ ಮೊದಲ ಹಾಡಿನಲ್ಲಿಯೂ ಅದೇ ನೆರಳು, ಅದೇ ಕೊಳಲು. ಆದರೆ ಅಲ್ಲಿ ಒಬ್ಬನ ಹೊಲ ಉಳಿದಿದೆ, ಇನ್ನೊಬ್ಬ ಊರು ಬಿಟ್ಟು ಹೋಗುತ್ತಿದ್ದಾನೆ. ಕ್ರಿ.ಪೂ. 42ರ ಫಿಲಿಪ್ಪೈ ಯುದ್ಧದ ನಂತರ ಗೆದ್ದ ಪಕ್ಷ ತನ್ನ ಸೈನಿಕರಿಗೆ ಹಂಚಲು ಇಟಲಿಯ ಅನೇಕ ನಗರಗಳ ರೈತರ ಜಮೀನು ಕಿತ್ತುಕೊಂಡಿತ್ತು. ಮೆಲಿಬಿಯಸ್ ಎಂಬ ದನಗಾಹಿ ತಾನು ಉತ್ತು ಬಿತ್ತಿದ ನೆಲ ಯಾವನೋ ಸೈನಿಕನ ಪಾಲಾಯಿತೆಂದು ಹೇಳಿ, ಆಡುಗಳನ್ನು ಹೊಡೆದುಕೊಂಡು ನಡೆಯುತ್ತಾನೆ. ಗ್ರೀಕ್ ಕವಿಯ ನೆಮ್ಮದಿಯ ಚಿತ್ರ ನಮ್ಮ ಕಣ್ಣ ಮುಂದಿರುವುದರಿಂದಲೇ ಈ ಒಕ್ಕಲೆಬ್ಬಿಸುವಿಕೆ ಇಷ್ಟು ಚುಚ್ಚುತ್ತದೆ.

ಇನ್ನು ‘ಈನಿಯಡ್’. ಹನ್ನೆರಡು ಸರ್ಗಗಳ, ಸುಮಾರು 9,900 ಸಾಲುಗಳ ಕಾವ್ಯ. ಮೊದಲ ಆರು ಸರ್ಗಗಳ ಅಲೆದಾಟ ಹೋಮರನ ‘ಒಡಿಸ್ಸಿ’ಯನ್ನು ನೆನಪಿಸಿದರೆ, ಕೊನೆಯ ಆರು ಸರ್ಗಗಳ ಯುದ್ಧ ‘ಇಲಿಯಡ್’ ಅನ್ನು ನೆನಪಿಸುತ್ತದೆ. ನಾಯಕ ಈನಿಯಸ್. ಹೋಮರನಲ್ಲಿ ಇವನು ಟ್ರಾಯ್ ಪಕ್ಷದ ಎರಡನೇ ಸಾಲಿನ ವೀರ. ಇವನ ವಂಶ ಉಳಿಯುತ್ತದೆ ಎಂಬ ಭವಿಷ್ಯವಾಣಿಯೊಂದು ‘ಇಲಿಯಡ್’ನಲ್ಲಿದೆ. ವರ್ಜಿಲ್ ಆ ಎಳೆಯನ್ನು ಹಿಡಿದ. ಗೆದ್ದವರ ಕಡೆಯಿಂದ ಬಂದ ಕಥೆಯನ್ನು ಸೋತವನ ಕಡೆಯಿಂದ ಹೇಳಲು ಹೊರಟ.

ಮರದ ಕುದುರೆಯ ಪ್ರಸಂಗವೇ ಸಾಕು. ‘ಒಡಿಸ್ಸಿ’ಯಲ್ಲಿ ಅರಮನೆಯ ಗಾಯಕನೊಬ್ಬ ಔತಣದ ಹೊತ್ತಿನಲ್ಲಿ ಅದನ್ನು ಹಾಡುತ್ತಾನೆ. ಹಾಗೆ ಹಾಡಲು ಕೇಳಿಕೊಂಡವನು ಆ ಉಪಾಯದ ಜಾಣ ಒಡಿಸಿಯಸ್ಸೇ. ವರ್ಜಿಲ್‌ನಲ್ಲಿಯೂ ಔತಣವಿದೆ, ರಾತ್ರಿಯಿದೆ, ಕೇಳುವವರಿದ್ದಾರೆ. ಆದರೆ ಹೇಳುವವನು ಆ ಕುದುರೆ ಒಳಗೆ ಬಂದ ನಗರದವನು. ಮನೆ ಸುಡುವುದನ್ನು ಕಂಡವನು, ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು, ಮಗನ ಕೈ ಹಿಡಿದು, ಹಿಂದೆ ಬರುತ್ತಿದ್ದ ಹೆಂಡತಿಯನ್ನು ಕತ್ತಲಲ್ಲಿ ಕಳೆದುಕೊಂಡು ಹೊರಬಿದ್ದವನು. ಒಂದೇ ಘಟನೆ ಗೆದ್ದವನ ಊಟದ ಮನೆಯಲ್ಲಿ ಹಾಡಾಗಿತ್ತು, ನಿರಾಶ್ರಿತನ ಬಾಯಲ್ಲಿ ಗಾಯವಾಯಿತು.

ಈನಿಯಸ್ ಕಾರ್ಥೇಜಿನ ರಾಣಿ ಡೈಡೋಳ ಆಶ್ರಯ ಪಡೆದು, ಪ್ರೀತಿಸಿ, ದೇವರ ಅಪ್ಪಣೆಯೆಂದು ಬಿಟ್ಟುಹೋಗುತ್ತಾನೆ. ಅವಳು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಮುಂದೆ ಸತ್ತವರ ಲೋಕದಲ್ಲಿ ಅವಳನ್ನು ಕಂಡು ಅವನು ಅಳುತ್ತ ಸಮಾಧಾನ ಹೇಳುತ್ತಾನೆ. ಅವಳು ನೆಲ ನೋಡುತ್ತ ನಿಂತು, ಒಂದು ಮಾತೂ ಆಡದೆ ಹೊರಟುಹೋಗುತ್ತಾಳೆ. ಈ ಮೌನವೂ ಹೋಮರನಿಂದ ಬಂದದ್ದು. ‘ಒಡಿಸ್ಸಿ’ಯಲ್ಲಿ ಒಡಿಸಿಯಸ್ ಪ್ರೇತಲೋಕದಲ್ಲಿ ಏಜಾಕ್ಸ್‌ನನ್ನು ಮಾತನಾಡಿಸುತ್ತಾನೆ. ಆಕಿಲೀಸನ ಆಯುಧಗಳು ತನಗೆ ಸಿಗದೆ ಒಡಿಸಿಯಸ್‌ಗೆ ಸಿಕ್ಕ ಅವಮಾನಕ್ಕೆ ಪ್ರಾಣ ಬಿಟ್ಟವನು ಏಜಾಕ್ಸ್. ಅವನೂ ಉತ್ತರಿಸದೆ ಕತ್ತಲಿಗೆ ನಡೆಯುತ್ತಾನೆ. ಈ ಏಜಾಕ್ಸ್ ಕನ್ನಡಿಗರಿಗೆ ಅಪರಿಚಿತನೇನಲ್ಲ. ಅವನ ಕುರಿತ ಸೊಫೊಕ್ಲೀಸನ ದುರಂತ ನಾಟಕವನ್ನೇ ಬಿ.ಎಂ.ಶ್ರೀಯವರು ಮಹಾಭಾರತದ ಪಾತ್ರಕ್ಕೆ ಹೊಂದಿಸಿ ‘ಅಶ್ವತ್ಥಾಮನ್’ ಬರೆದರು. ಯೋಧನ ಮುರಿದ ಮಾನಕ್ಕೆ ಮೀಸಲಾಗಿದ್ದ ಆ ಮೌನವನ್ನು ವರ್ಜಿಲ್ ಒಬ್ಬ ಹೆಣ್ಣಿಗೆ ಕೊಟ್ಟ. ಡೈಡೋಗೆ ಆದದ್ದು ಬರೀ ಪ್ರೇಮಭಂಗವಲ್ಲ, ವೀರನೊಬ್ಬನಿಗೆ ಆದಷ್ಟೇ ದೊಡ್ಡ ಅನ್ಯಾಯ ಎಂಬುದನ್ನು ಅವನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಅದೇ ಭೇಟಿಯಲ್ಲಿ ಇನ್ನೊಂದು ವಿಚಿತ್ರ ಪ್ರತಿಧ್ವನಿಯಿದೆ. ಮನಸ್ಸಿಲ್ಲದೆ ನಿನ್ನ ತೀರ ಬಿಟ್ಟೆ ಎಂದು ಈನಿಯಸ್ ರಾಣಿಗೆ ಹೇಳುವ ಮಾತು ಕ್ಯಾಟುಲಸ್‌ನ ಒಂದು ಸಾಲಿಗೆ ಬಹುತೇಕ ತದ್ರೂಪ. ಆದರೆ ಅಲ್ಲಿ ಹಾಗೆ ಹೇಳುವುದು ಒಂದು ಕೂದಲ ಜಡೆ! ಈಜಿಪ್ಟಿನ ರಾಣಿ ಬೆರೆನೀಸ್ ಗಂಡ ಯುದ್ಧದಿಂದ ಮರಳಲೆಂದು ಹರಕೆ ಹೊತ್ತು ಅರ್ಪಿಸಿದ ಜಡೆ ನಕ್ಷತ್ರವಾದ ಕಥೆಯನ್ನು ಗ್ರೀಕ್ ಕವಿ ಕ್ಯಾಲಿಮಾಕಸ್ ಬರೆದಿದ್ದ, ಕ್ಯಾಟುಲಸ್ ಅನುವಾದಿಸಿದ್ದ. ಅಲ್ಲಿ ಅದು ಆಸ್ಥಾನದ ನಯವಾದ ತಮಾಷೆ. ಇಂಥ ಹಗುರ ಮಾತನ್ನು ಇಷ್ಟು ದುಃಖದ ಜಾಗದಲ್ಲಿ ಏಕೆ ಇಟ್ಟ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ನಮಗೆ ಅನಿಸುವುದಿಷ್ಟು. ಈನಿಯಸ್‌ನ ಸಮಾಧಾನ ಪ್ರಾಮಾಣಿಕವೇ ಇರಬಹುದು, ಆದರೆ ಅದು ಸಾಲದು. ಸತ್ತವಳ ಮುಂದೆ ಬದುಕಿರುವವನ ಸಮರ್ಥನೆ ಎಷ್ಟು ಹಗುರ ಎಂಬುದನ್ನು ಆ ಹಳೆಯ ಸಾಲಿನ ನೆನಪು ತೂಗಿ ತೋರಿಸುತ್ತದೆ.

ಈಗ ಕಾವ್ಯದ ಕೊನೆಗೆ ಬರೋಣ. ನಾವು ಈ ಲೇಖನಕ್ಕೆ ಕೈಹಾಕಿದ್ದೇ ಆ ಕೊನೆಯ ಸಲುವಾಗಿ.

ಇಟಲಿಗೆ ಬಂದ ಈನಿಯಸ್‌ಗೆ ಎದುರಾಳಿ ಟರ್ನಸ್, ಆ ನೆಲದ ಯುವರಾಜ. ಟರ್ನಸ್ ಯುದ್ಧದಲ್ಲಿ ಈನಿಯಸ್‌ನ ಎಳೆಯ ಸಂಗಾತಿ ಪಲ್ಲಾಸ್‌ನನ್ನು ಕೊಂದು ಅವನ ಸೊಂಟಪಟ್ಟಿಯನ್ನು ತಾನು ಧರಿಸಿರುತ್ತಾನೆ. ಕೊನೆಯಲ್ಲಿ ಇಬ್ಬರೂ ಮುಖಾಮುಖಿಯಾಗುತ್ತಾರೆ. ‘ಇಲಿಯಡ್’ನಲ್ಲಿ ಆಕಿಲೀಸ್ ಟ್ರಾಯ್ ನಗರದ ಸುತ್ತ ಹೆಕ್ಟರ್‌ನನ್ನು ಅಟ್ಟಿಸಿಕೊಂಡು ಹೋದಂತೆಯೇ ಈನಿಯಸ್ ಟರ್ನಸ್‌ನ ಬೆನ್ನಟ್ಟುತ್ತಾನೆ. ಓದುಗರಿಗೆ ಇಲ್ಲಿ ಮೈ ಜುಮ್ಮೆನ್ನಬೇಕು. ಈನಿಯಸ್ ಹೆಕ್ಟರ್‌ನ ಪಕ್ಷದವನು, ಆಕಿಲೀಸನ ಕೈಯಲ್ಲಿ ತನ್ನವರನ್ನು ಕಳೆದುಕೊಂಡವನು. ಈಗ ಅವನೇ ಆಕಿಲೀಸನ ಪಾತ್ರದಲ್ಲಿದ್ದಾನೆ. ತನ್ನ ನೆಲ ಕಾಯುತ್ತಿರುವ ಟರ್ನಸ್ ಹೆಕ್ಟರ್ ಆಗಿದ್ದಾನೆ.

ಗಾಯಗೊಂಡು ಬಿದ್ದ ಟರ್ನಸ್ ಕೈಚಾಚಿ ಬೇಡುತ್ತಾನೆ. ನಿನಗೂ ತಂದೆಯಿದ್ದ, ಅವನ ನೆನಪಿನಲ್ಲಿ ನನ್ನ ಮುದಿ ತಂದೆಯ ಮೇಲೆ ಕರುಣೆ ತೋರು, ನನ್ನನ್ನು ಇಲ್ಲವೇ ನನ್ನ ಹೆಣವನ್ನು ನನ್ನವರಿಗೆ ಒಪ್ಪಿಸು ಎಂಬುದು ಅವನ ಮೊರೆ. ಈ ಮೊರೆ ಎಲ್ಲಿಯದು? ‘ಇಲಿಯಡ್’ನ ಕೊನೆಯ ಸರ್ಗದಲ್ಲಿ ಟ್ರಾಯ್‌ನ ಮುದಿ ರಾಜ ಪ್ರಿಯಮ್ ರಾತ್ರಿ ಶತ್ರುವಿನ ಡೇರೆಗೆ ಹೋಗಿ, ಮಗನನ್ನು ಕೊಂದ ಆಕಿಲೀಸನ ಕೈಗೆ ಮುತ್ತಿಟ್ಟು, ನಿನ್ನ ತಂದೆಯನ್ನು ನೆನೆದು ನನ್ನ ಮಗನ ಹೆಣ ಕೊಡು ಎಂದು ಬೇಡುತ್ತಾನೆ. ಆಕಿಲೀಸ್ ಕರಗುತ್ತಾನೆ. ಕೊಂದವನೂ ಕಳೆದುಕೊಂಡವನೂ ಜೊತೆಗೆ ಕೂತು ಅಳುತ್ತಾರೆ. ಹೆಣ ಮರಳುತ್ತದೆ. ಹೆಕ್ಟರ್‌ನ ಅಂತ್ಯಕ್ರಿಯೆಯೊಂದಿಗೆ ಕಾವ್ಯ ಮುಗಿಯುತ್ತದೆ. ಸಿಟ್ಟಿನಿಂದ ಶುರುವಾದ ಕಾವ್ಯ ಶತ್ರುವಿನ ಶೋಕಕ್ಕೆ ಗೌರವ ಸಲ್ಲಿಸಿ ಕೊನೆಗೊಳ್ಳುತ್ತದೆ.

ಟರ್ನಸ್‌ನ ಮಾತಿಗೆ ಈನಿಯಸ್‌ನ ಕೈಯೂ ತಡೆಯುತ್ತದೆ. ಅವನ ಮನಸ್ಸು ಕರಗತೊಡಗುತ್ತದೆ. ಅಷ್ಟರಲ್ಲಿ ಪಲ್ಲಾಸ್‌ನ ಸೊಂಟಪಟ್ಟಿ ಕಣ್ಣಿಗೆ ಬೀಳುತ್ತದೆ. ಸಿಟ್ಟು ಉಕ್ಕಿ ಕತ್ತಿ ಇರಿಯುತ್ತಾನೆ. ಟರ್ನಸ್‌ನ ಪ್ರಾಣ ನರಳುತ್ತ ಹೋಗುತ್ತದೆ. ಕಾವ್ಯ ಅಲ್ಲಿಗೇ ಮುಗಿಯುತ್ತದೆ. ಮುಂದೆ ಒಂದು ಸಾಲೂ ಇಲ್ಲ.

ಹೋಮರ್ ಎರಡು ಬೇರೆ ಸರ್ಗಗಳಲ್ಲಿ ಇಟ್ಟದ್ದನ್ನು ವರ್ಜಿಲ್ ಒಂದೇ ಗಳಿಗೆಗೆ ತಂದಿದ್ದಾನೆ ಎಂಬುದನ್ನು ಗಮನಿಸಬೇಕು. ಹೆಕ್ಟರ್ ಸಾಯುವುದು ಇಪ್ಪತ್ತೆರಡನೆಯ ಸರ್ಗದಲ್ಲಿ. ಅಲ್ಲಿ ಆಕಿಲೀಸನಿಗೆ ಕರುಣೆಯಿಲ್ಲ. ಪ್ರಿಯಮ್‌ನ ಮೊರೆ ಬರುವುದು ಇಪ್ಪತ್ನಾಲ್ಕನೆಯ ಸರ್ಗದಲ್ಲಿ. ವರ್ಜಿಲ್ ಕೊನೆಯ ಸರ್ಗದ ಮೊರೆಯನ್ನು ತಂದು ಸಾವಿನ ಸರ್ಗದೊಳಗೆ ಇಟ್ಟ. ನಡುವೆ ಬರುವ ಕ್ರೀಡಾಕೂಟವನ್ನು ತನ್ನ ಐದನೆಯ ಸರ್ಗದಲ್ಲೇ ಬಳಸಿ ಮುಗಿಸಿದ್ದ. ಹೋಮರನಿಂದ ಇಷ್ಟೆಲ್ಲ ತಂದವನು ಒಂದನ್ನು ಮಾತ್ರ ತರಲಿಲ್ಲ. ಶತ್ರುಗಳಿಬ್ಬರೂ ಜೊತೆಗೆ ಕೂತು ಅಳುವ ಆ ರಾತ್ರಿಯನ್ನು ತರಲಿಲ್ಲ. ಎಂಟು ಸಂಪುಟಗಳ ಪಟ್ಟಿ ತಯಾರಿಸಿದವನ ಕಣ್ಣಿಗೆ ತಂದದ್ದು ಬಿದ್ದಿತು. ಬಿಟ್ಟದ್ದನ್ನು ಯಾವ ಪಟ್ಟಿಯೂ ಹಿಡಿಯಲಾರದು.

ಇದಕ್ಕೆ ಬೇರೆ ಓದು ಇಲ್ಲವೆಂದಲ್ಲ. ಪಲ್ಲಾಸ್‌ನ ತಂದೆಗೆ ಈನಿಯಸ್ ಋಣಿ. ಮಗನನ್ನು ಕಳೆದುಕೊಂಡ ಆ ತಂದೆ ಟರ್ನಸ್‌ನ ಪ್ರಾಣವನ್ನೇ ಕೇಳಿದ್ದ. ಪಲ್ಲಾಸ್‌ನನ್ನು ಕೊಲ್ಲುವಾಗ ಅವನ ತಂದೆಯೇ ಇದನ್ನು ನೋಡಬೇಕಿತ್ತು ಎಂದು ಟರ್ನಸ್ ಬೀಗಿದ್ದ. ಸೇಡು ಆ ಕಾಲದಲ್ಲಿ ಮರ್ಯಾದೆಯ ಕೆಲಸ. ದತ್ತು ತಂದೆ ಸೀಸರ್‌ನ ಕೊಲೆಗೆ ಸೇಡು ತೀರಿಸಿಕೊಂಡ ಅಗಸ್ಟಸ್ ಚಕ್ರವರ್ತಿ ‘ಸೇಡಿನ ಮಾರ್ಸ್’ ದೇವರಿಗೆ ಗುಡಿಯನ್ನೇ ಕಟ್ಟಿಸಿದ. ಆ ಅಗಸ್ಟಸ್‌ನ ವಂಶದ ಮೂಲಪುರುಷನೇ ಈನಿಯಸ್ ಎಂದು ಕಾವ್ಯ ಹಾಡುತ್ತದೆ. ಹಾಗಾಗಿ ಈ ಕೊಲೆ ನ್ಯಾಯವೆಂದೇ ಕವಿಯ ಅಭಿಪ್ರಾಯ ಎನ್ನುವ ವಿದ್ವಾಂಸರಿದ್ದಾರೆ. ಇನ್ನೊಂದು ಪಕ್ಷ 1960ರ ದಶಕದಿಂದೀಚೆಗೆ ಬಲವಾಗಿ ಬೆಳೆದಿದೆ. ಸಾಮ್ರಾಜ್ಯದ ಜಯಘೋಷದ ಕೆಳಗೆ ಸತ್ತವರಿಗಾಗಿ ಅಳುವ ಇನ್ನೊಂದು ದನಿಯೂ ಕಾವ್ಯದಲ್ಲಿದೆ ಎಂಬುದು ಈ ಪಕ್ಷದ ವಾದ.

ನಾವು ಎರಡನೆಯ ಓದಿನ ಕಡೆಗೆ ವಾಲುತ್ತೇವೆ. ಕಾರಣ ಆ ಪ್ರತಿಧ್ವನಿಯೇ. ಕೊಲೆಯನ್ನು ಬರೀ ನ್ಯಾಯವೆಂದು ತೋರಿಸುವುದಷ್ಟೇ ಕವಿಯ ಉದ್ದೇಶವಾಗಿದ್ದರೆ ಟರ್ನಸ್‌ನನ್ನು ಬೇಡದೆ ಸಾಯಲು ಬಿಡಬಹುದಿತ್ತು. ಬೇಡಿದರೂ ಪ್ರಿಯಮ್‌ನ ಮಾತಿನಲ್ಲಿ ಬೇಡಬೇಕಾಗಿರಲಿಲ್ಲ. ಹೋಮರನನ್ನು ಕಂಠಪಾಠ ಮಾಡಿದ್ದ ಓದುಗರಿಗೆ ಆ ಮಾತು ಕೇಳಿದೊಡನೆ ಮುಂದೆ ಏನಾಗಬೇಕು ಎಂಬುದು ಗೊತ್ತಿತ್ತು. ಅವರು ಕ್ಷಮೆಗಾಗಿ ಕಾದರು, ಬಂದದ್ದು ಕತ್ತಿ. ಇದೇ ಕಾವ್ಯದ ಆರನೆಯ ಸರ್ಗದಲ್ಲಿ ಸತ್ತ ತಂದೆ ಈನಿಯಸ್‌ಗೆ ರೋಮನ್ನರ ಧರ್ಮ ಹೇಳಿಕೊಟ್ಟಿದ್ದ. ಸೊಕ್ಕಿದವರನ್ನು ಮಣಿಸಬೇಕು, ಮಣಿದವರನ್ನು ಉಳಿಸಬೇಕು ಎಂಬುದು ಅದರ ಸಾರ. ಕೊನೆಯ ಪುಟದಲ್ಲಿ ಮಣಿದವನೊಬ್ಬ ಅದೇ ತಂದೆಯ ಹೆಸರು ಹಿಡಿದು ಬೇಡಿದಾಗ ಆ ಪಾಠಕ್ಕೆ ಏನಾಯಿತು? ಕವಿ ಉತ್ತರ ಹೇಳುವುದಿಲ್ಲ. ಹೋಮರನನ್ನು ನಮ್ಮ ಪಕ್ಕದಲ್ಲಿ ಕೂರಿಸಿ ತಾನು ಸುಮ್ಮನಾಗುತ್ತಾನೆ.

ಕಾವ್ಯವನ್ನು ಪೂರ್ತಿ ತಿದ್ದುವ ಮುನ್ನವೇ ಕ್ರಿ.ಪೂ. 19ರಲ್ಲಿ ವರ್ಜಿಲ್ ತೀರಿಕೊಂಡ. ಅದನ್ನು ಸುಟ್ಟುಬಿಡಿ ಎಂದು ಅವನು ಹೇಳಿದ್ದನೆಂದೂ ಅಗಸ್ಟಸ್ ತಡೆದು ಪ್ರಕಟಿಸಿದನೆಂದೂ ಪ್ರಾಚೀನರು ಬರೆದಿದ್ದಾರೆ. ಚಕ್ರವರ್ತಿ ಅದರಲ್ಲಿ ತನ್ನ ವಂಶದ ಕೀರ್ತಿಯನ್ನು ಕಂಡಿರಬೇಕು. ಕಾಣಲು ಅದು ಅಲ್ಲಿತ್ತು. ಆದರೆ ಆ ಕೀರ್ತಿಯ ಬೆಲೆ ಎಷ್ಟು ಎಂಬ ಲೆಕ್ಕವೂ ಅಲ್ಲೇ ಇತ್ತು. ಅಧಿಕಾರದ ಅಂಗಳದಲ್ಲಿ ನಿಂತು ನೇರವಾಗಿ ಹೇಳಲಾಗದ್ದನ್ನು ಕವಿ ಹಳೆಯ ಕವಿಯ ದನಿಯಲ್ಲಿ ಹೇಳಿದ.

ಮನೆ ಸುಟ್ಟು, ತಂದೆಯನ್ನು ಹೊತ್ತು ಓಡಿದವನ ಮೇಲೆ ನಮಗೆ ಮರುಕವಿದೆ. ಇರಲೇಬೇಕು. ಆದರೆ ನಿನ್ನೆಯ ಸಂತ್ರಸ್ತ ಇಂದು ಕತ್ತಿ ಹಿಡಿದು ನಿಂತಾಗ ಅವನ ಹಳೆಯ ಗಾಯ ಹೊಸ ಕೊಲೆಗೆ ಪರವಾನಗಿಯಾಗುತ್ತದೆಯೇ? ಅನ್ಯಾಯ ಅನುಭವಿಸಿದ ಪ್ರತಿಯೊಬ್ಬನೂ, ಪ್ರತಿಯೊಂದು ಸಮುದಾಯವೂ ತನ್ನ ಸರದಿ ಬಂದಾಗ ಎದುರಿಸಬೇಕಾದ ಪ್ರಶ್ನೆ ಇದು. ಆಕಿಲೀಸನ ಕೈಯಲ್ಲಿ ನೊಂದವನು ಆಕಿಲೀಸನ ಸಿಟ್ಟನ್ನು ಕಲಿತ, ಅವನ ಕಣ್ಣೀರನ್ನು ಕಲಿಯಲಿಲ್ಲ ಎಂದು ಬರೆದ ಕವಿಯನ್ನು ಕಳ್ಳ ಎಂದವರು ಅವನ ಸಾಲುಗಳನ್ನು ಎಣಿಸಿದರು, ಅವನನ್ನು ಓದಲಿಲ್ಲ. ಮುಂದೊಮ್ಮೆ ಒಂದು ಹೊಸ ಪುಸ್ತಕದಲ್ಲಿ ನಮಗೆ ಹಳೆಯ ದನಿ ಕೇಳಿಸಿದಾಗ, ಎಲ್ಲಿಂದ ತಂದ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಬರುವ ದಾರಿಯಲ್ಲಿ ಏನನ್ನು ಬಿಟ್ಟುಬಂದ?